ಪಾಠ ಉಚಿತ, ಪರೀಕ್ಷೆಗೆ ಬಸ್ ಹತ್ತಬೇಕು: ಉತ್ತರ ಕನ್ನಡದಲ್ಲಿ ಕೂತು ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸ್ ಮಾಡುವವರಿಗೆ

ಜನವರಿ, ಜುಲೈ ಬಂದರೆ ಸಾಕು, ನಮ್ಮ ಕಡೆ ಕಾಲೇಜು ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ. ಐಐಟಿ ಪ್ರೊಫೆಸರ್ ಪಾಠ, ಪೂರ್ತಿ ಉಚಿತ, ಸರ್ಟಿಫಿಕೇಟ್ ಇದೆ, ಇವತ್ತೇ ಸೇರಿ. ಸುಳ್ಳೇನೂ ಅಲ್ಲ. ಪಾಠ ಉಚಿತವೇ, ಸರ್ಟಿಫಿಕೇಟ್ ಇರುವುದೂ ನಿಜವೇ. ಆದರೆ ಉಚಿತ ಅನ್ನುವುದು ಪಾಠಕ್ಕೆ ಮಾತ್ರ, ಸರ್ಟಿಫಿಕೇಟಿಗೆ ಅಲ್ಲ. ‘ಸರ್, ಫ್ರೀ ಅಂದಿದ್ರಲ್ಲ, ಈಗ ನೋಡಿದ್ರೆ ಸಾವಿರ ರೂಪಾಯಿ ಕೇಳ್ತಾ ಇದೆ’ ಅಂತ ಹುಡುಗರು ಬರುವುದು ಇದೇ ಕಾರಣಕ್ಕೆ. ಸಾವಿರ ಕಟ್ಟಿದರೂ ಖರ್ಚು ಮುಗಿಯುವುದಿಲ್ಲ. ಪರೀಕ್ಷೆ ಬರೆಯಲು ಇನ್ನೊಂದು ಊರಿಗೆ ಹೋಗಬೇಕಾಗಬಹುದು.

ಬೆಂಗಳೂರಿನವರಿಗೆ ಇದು ದೊಡ್ಡ ವಿಷಯವಲ್ಲ. ಮೆಟ್ರೋ ಹತ್ತಿ ಹೋಗಿ ಬರೆದು ಬರುತ್ತಾರೆ. ಕಾರವಾರ, ಶಿರಸಿ, ಜೋಯಿಡಾ ಕಡೆಯವರ ಲೆಕ್ಕವೇ ಬೇರೆ. ಹಾಗಾಗಿ ನಮ್ಮವರು ಹಿಂದಿನಿಂದ ಮುಂದಕ್ಕೆ ಯೋಚಿಸಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲು ಪರೀಕ್ಷೆ ಯಾವತ್ತು, ಯಾವ ಊರಲ್ಲಿ ಅಂತ ನೋಡಿ. ಅದು ಹೊಂದಿದರೆ ಕೋರ್ಸ್ ಆರಿಸಿ.

ನಿಮಗೆ ಬೇಕಾಗಿರುವುದು ಏನು?

ಇದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೋರ್ಸ್ ಹುಡುಕುವವರು ಮೂರು ತರದವರು.

ಒಂದು, ಡಿಗ್ರಿ ಓದುತ್ತಿದ್ದು ಕ್ರೆಡಿಟ್ (ಡಿಗ್ರಿಯ ಲೆಕ್ಕಕ್ಕೆ ಸೇರುವ ಓದಿನ ಅಳತೆ) ಬೇಕಾದವರು. ಎರಡು, ನೌಕರಿ ಅರ್ಜಿಗೋ ಮುಂದಿನ ಓದಿಗೋ ಒಂದು ಸರ್ಟಿಫಿಕೇಟ್ ಬೇಕಾದವರು. ಮೂರು, ಸುಮ್ನೆ ಕಲಿಯಬೇಕು ಅನ್ನುವವರು. ಮೂರನೆಯವರ ಬದುಕು ಬಹಳ ಸುಲಭ. ಅವರಿಗೆ ಜಗತ್ತಿನ ಅರ್ಧ ವಿಶ್ವವಿದ್ಯಾಲಯಗಳು ಇವತ್ತೇ, ಈಗಲೇ, ಒಂದು ಪೈಸೆ ಇಲ್ಲದೆ ಬಾಗಿಲು ತೆಗೆದಿವೆ. ಯಾವ ಗಡುವೂ ಇಲ್ಲ. ಮೊದಲ ಇಬ್ಬರಿಗೆ ಮಾತ್ರ ನಿಯಮ, ಶುಲ್ಕ, ದಿನಾಂಕ ಎಲ್ಲ ಬರುತ್ತದೆ.

ನೌಕರಿ ಬಗ್ಗೆ ಒಂದು ಮಾತು. ಈ ಸರ್ಟಿಫಿಕೇಟ್ ಡಿಗ್ರಿಯಲ್ಲ, ಡಿಪ್ಲೊಮಾವೂ ಅಲ್ಲ. ಕೈಗಾ ಅಣುಸ್ಥಾವರದಲ್ಲೋ ಕಾರವಾರದ ನೌಕಾನೆಲೆಯಲ್ಲೋ ನೇಮಕಾತಿ ಕರೆದಾಗ ಅರ್ಹತೆಯ ಜಾಗದಲ್ಲಿ ಐಟಿಐ, ಡಿಪ್ಲೊಮಾ, ಪದವಿ ಅಂತಲೇ ಇರುತ್ತದೆ. ಆನ್‌ಲೈನ್ ಕೋರ್ಸ್ ಮಾಡಿದರೆ ಸರ್ಕಾರಿ ಕೆಲಸಕ್ಕೆ ಜಾಸ್ತಿ ಅಂಕ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಅಧಿಸೂಚನೆ ತೋರಿಸಿ ಅನ್ನಿ. ಖಾಸಗಿ ಕಂಪನಿಗಳಲ್ಲಿ, ಅದರಲ್ಲೂ ಸಾಫ್ಟ್‌ವೇರ್ ಕಡೆ, ಬಯೋಡೇಟಾದಲ್ಲಿ ಇದು ಕಣ್ಣಿಗೆ ಬೀಳುತ್ತದೆ. ಸಂದರ್ಶನದಲ್ಲಿ ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಉತ್ತರ ಬಂದರೆ ಲಾಭ, ಬರದಿದ್ದರೆ ಆ ಸಾಲು ಬರೆಯದೇ ಇರುವುದೇ ಒಳ್ಳೆಯದಿತ್ತು ಅನ್ನಿಸುತ್ತದೆ.

ಎಲ್ಲಿ ಹುಡುಕಬೇಕು

ನಮ್ಮ ದೇಶದಲ್ಲಿ ಮುಖ್ಯ ಬಾಗಿಲು ‘ಸ್ವಯಂ’. ಕೇಂದ್ರ ಸರ್ಕಾರ 2017ರ ಜುಲೈ 9ರಂದು ಶುರು ಮಾಡಿದ ತಾಣ. 9ನೇ ತರಗತಿಯಿಂದ ಸ್ನಾತಕೋತ್ತರದವರೆಗೆ ಕೋರ್ಸ್‌ಗಳಿವೆ. ಎಲ್ಲವನ್ನೂ ಒಬ್ಬರೇ ನಡೆಸುವುದಿಲ್ಲ ಅನ್ನುವುದು ನೆನಪಿರಲಿ. ಎಂಜಿನಿಯರಿಂಗ್ ಕಡೆಯ ಬಹುಪಾಲು, ವಿಜ್ಞಾನ, ಮ್ಯಾನೇಜ್‌ಮೆಂಟ್ ಕಡೆಯ ಹಲವು ಕೋರ್ಸ್‌ಗಳನ್ನು ಐಐಟಿಗಳ ಎನ್‌ಪಿಟಿಇಎಲ್ ನಡೆಸುತ್ತದೆ. ಬಿಎ, ಬಿಕಾಂ, ಬಿಎಸ್‌ಸಿಯಂಥ ಪದವಿ ಮಟ್ಟದ್ದಕ್ಕೆ ಸಿಇಸಿ ಅನ್ನುವ ಸಂಸ್ಥೆ, ಸ್ನಾತಕೋತ್ತರಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ಶಾಲಾ ಪಾಠಗಳಿಗೆ ಎನ್‌ಸಿಇಆರ್‌ಟಿ ಮತ್ತು ಎನ್‌ಐಒಎಸ್. ದೂರಶಿಕ್ಷಣದ ಇಗ್ನೋ, ಬೆಂಗಳೂರಿನ ಐಐಎಂ ಕೂಡ ಇದರಲ್ಲಿವೆ. ಕೋರ್ಸಿನ ಪುಟದಲ್ಲಿ ಯಾರು ನಡೆಸುತ್ತಾರೆ ಅಂತ ಬರೆದಿರುತ್ತದೆ. ಅದನ್ನು ಗಮನಿಸಿ, ಯಾಕೆಂದರೆ ಪರೀಕ್ಷೆಯ ನಿಯಮ ಅದರ ಮೇಲೆ ನಿಂತಿದೆ.

ಎನ್‌ಪಿಟಿಇಎಲ್ ಸ್ವಯಂಗಿಂತ ಹಳೆಯದು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರು ಮಾಡಿದ್ದು. ಸರ್ಟಿಫಿಕೇಟ್ ಕೊಡಲು ತೊಡಗಿದ್ದು 2014ರಿಂದ. ಇದರ ಹಳೆಯ ವಿಡಿಯೊಗಳೆಲ್ಲ ಯೂಟ್ಯೂಬಿನಲ್ಲಿ ಹಾಗೇ ಬಿದ್ದಿವೆ. ಖಾತೆ ತೆರೆಯದೆ ನೋಡಬಹುದು.

ಇನ್ನೆರಡು ಜಾಗ ಗೊತ್ತಿರಲಿ. ಇಗ್ನೋದ ‘ಇ-ಜ್ಞಾನಕೋಶ’ದಲ್ಲಿ ಅವರ ಪಠ್ಯಪುಸ್ತಕಗಳೆಲ್ಲ ಪಿಡಿಎಫ್ ಆಗಿ ಸಿಗುತ್ತವೆ. ಬಿಎ, ಎಂಎ ಓದುವವರಿಗೆ ಚಿನ್ನ. ವಿಡಿಯೊ ನೋಡುವಷ್ಟು ನೆಟ್ ಇಲ್ಲದವರೂ ಇದನ್ನು ಇಳಿಸಿಕೊಂಡು ಓದಬಹುದು. ಸ್ನಾತಕೋತ್ತರದವರಿಗೆ ಯುಜಿಸಿಯ ‘ಇ-ಪಿಜಿ ಪಾಠಶಾಲಾ’ ಇದೆ.

ದಿನಾಂಕ ಮತ್ತು ಊರು: ಇಲ್ಲಿಂದ ಶುರು ಮಾಡಿ

ಸ್ವಯಂ ಕೋರ್ಸ್‌ಗಳು ವರ್ಷಕ್ಕೆ ಎರಡು ಸಲ ಬರುತ್ತವೆ. ಜನವರಿಯದ್ದು ಮತ್ತು ಜುಲೈಯದ್ದು. ಎನ್‌ಪಿಟಿಇಎಲ್‌ನಲ್ಲಿ 4, 8, 12 ವಾರದ ಕೋರ್ಸ್‌ಗಳಿವೆ. ಜನವರಿಯದ್ದಕ್ಕೆ ಪರೀಕ್ಷೆ ಸುಮಾರಾಗಿ ಏಪ್ರಿಲ್‌ನಲ್ಲಿ, ಜುಲೈಯದ್ದಕ್ಕೆ ಅಕ್ಟೋಬರ್ ಆಸುಪಾಸಿನಲ್ಲಿ.

ಎರಡರಲ್ಲಿ ಯಾವುದು ನಮಗೆ ಒಳ್ಳೆಯದು? ಕರಾವಳಿಯವರಿಗೆ ಜನವರಿಯದ್ದು ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ನಮ್ಮಲ್ಲಿ ಮಳೆ ಹೊಡೆಯುವ ರೀತಿ ನಿಮಗೇ ಗೊತ್ತು. ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಕರೆಂಟ್ ಹೋದರೆ ಸ್ವಲ್ಪ ಹೊತ್ತಿನಲ್ಲೇ ಟವರೂ ಸಾಯುತ್ತದೆ. ವಾರಕ್ಕೊಂದು ಅಸೈನ್‌ಮೆಂಟ್ ಗಡುವು ಇಟ್ಟುಕೊಂಡು ಇದರ ಜೊತೆ ಗುದ್ದಾಡುವುದು ಸುಲಭವಲ್ಲ.

ಘಟ್ಟದ ಮೇಲಿನವರಿಗೆ ಜನವರಿಯಲ್ಲೂ ಒಂದು ತೊಡಕಿದೆ. ಅದು ಅಡಿಕೆ ಸುಗ್ಗಿ. ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಮನೆಮಂದಿಯೆಲ್ಲ ಅಂಗಳದಲ್ಲಿ. ಅದರ ಮೇಲೆ ಎರಡು ವರ್ಷಕ್ಕೊಮ್ಮೆ ಫೆಬ್ರವರಿ-ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಜಾತ್ರೆ ಇರುವ ವರ್ಷ ಶಿರಸಿಯವರು ಆ ವಾರದ ಅಸೈನ್‌ಮೆಂಟ್ ಬಿಟ್ಟರೂ ಅಡ್ಡಿಯಿಲ್ಲ. ಯಾಕೆ ಅಡ್ಡಿಯಿಲ್ಲ ಅನ್ನುವುದನ್ನು ಮುಂದೆ ಅಂಕದ ಲೆಕ್ಕದಲ್ಲಿ ಹೇಳುತ್ತೇನೆ.

ದೋಣಿ ಕೆಲಸಕ್ಕೆ ಹೋಗುವ ಹುಡುಗರಿಗೆ ಮಾತ್ರ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವುದರಿಂದ ಕೈಯಲ್ಲಿ ಹೊತ್ತು ಇರುತ್ತದೆ. ಆದರೆ ಸ್ವಯಂ ಕೋರ್ಸ್ ಕಣ್ಣು ಬಿಡುವಷ್ಟರಲ್ಲಿ ಆಗಸ್ಟ್ ಬಂದು ದೋಣಿ ಇಳಿದಿರುತ್ತದೆ. ಅವರಿಗೆ ಗಡುವಿಲ್ಲದ ಕೋರ್ಸ್ ವಾಸಿ. ಅದರ ಬಗ್ಗೆಯೂ ಕೆಳಗೆ ಬರೆದಿದ್ದೇನೆ.

ಇನ್ನು ಊರಿನ ವಿಷಯ. ಎನ್‌ಪಿಟಿಇಎಲ್ ಪರೀಕ್ಷೆಯನ್ನು ಮನೆಯಿಂದ ಬರೆಯಲಾಗದು. ಅವರು ಗೊತ್ತು ಮಾಡಿದ ಕೇಂದ್ರಕ್ಕೇ ಹೋಗಬೇಕು. ಕೇಂದ್ರದ ಊರುಗಳ ಪಟ್ಟಿ ಅವರ ತಾಣದಲ್ಲಿರುತ್ತದೆ, ಪರೀಕ್ಷೆಯ ಅರ್ಜಿಯಲ್ಲೂ ಇರುತ್ತದೆ. ಕಳೆದ ಸಲ ಇದ್ದ ಊರು ಈ ಸಲ ಇರುತ್ತದೆ ಅಂದುಕೊಳ್ಳಬೇಡಿ, ಪ್ರತಿ ಸೆಮಿಸ್ಟರ್ ನೋಡಿ. ಹತ್ತಿರದ ದೊಡ್ಡ ಊರು ಅಂದರೆ ಶಿರಸಿ, ಯಲ್ಲಾಪುರ, ಮುಂಡಗೋಡದವರಿಗೆ ಹುಬ್ಬಳ್ಳಿ. ಶಿರಸಿಯಿಂದ ಅದು 100 ಕಿ.ಮೀ. ಆಸುಪಾಸು. ಭಟ್ಕಳ, ಹೊನ್ನಾವರದವರು ರೈಲು ಹತ್ತಿ ಉಡುಪಿ, ಮಂಗಳೂರು ಕಡೆ ಹೋಗುವುದು ಸಲೀಸು. ಕಾರವಾರದವರು ಗೋವಾದಲ್ಲಿ ಕೇಂದ್ರ ಇದೆಯಾ ಅಂತಲೂ ನೋಡಿ. ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವುದಕ್ಕಿಂತ ಮಡಗಾಂವ್ ಹತ್ತಿರ. ಬೇರೆ ರಾಜ್ಯ ಅಂತ ಹಿಂಜರಿಯುವುದು ಬೇಡ, ಯಾವ ಊರು ಬೇಕಾದರೂ ಆರಿಸಬಹುದು.

ಪರೀಕ್ಷೆ 3 ಗಂಟೆಯದ್ದು. ಬೆಳಿಗ್ಗೆ 9ಕ್ಕೆ ಒಂದು ಸರದಿ, ಮಧ್ಯಾಹ್ನ 2ಕ್ಕೆ ಒಂದು. ಸರದಿ ಆರಿಸುವ ಅವಕಾಶ ಇದ್ದರೆ ನಮ್ಮ ಕಡೆಯವರು ಮಧ್ಯಾಹ್ನದ್ದನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಹೊರಟು ಬರೆದು ರಾತ್ರಿ ಮನೆ ಸೇರಬಹುದು. ಬೆಳಗಿನ ಸರದಿಯೇ ಬಂದರೆ ಹಿಂದಿನ ದಿನವೇ ಹೋಗಿ ಉಳಿಯಬೇಕು. ಹುಬ್ಬಳ್ಳಿಯಲ್ಲಿ ನೆಂಟರಿದ್ದರೆ ಸರಿ, ಇಲ್ಲದಿದ್ದರೆ ವಸತಿಯ ಖರ್ಚು ಪರೀಕ್ಷೆ ಶುಲ್ಕದಷ್ಟೇ ಆಗುತ್ತದೆ.

ಶುಲ್ಕ ಎಷ್ಟು, ಯಾವಾಗ

ಕೋರ್ಸಿಗೆ ಸೇರುವುದು ಮತ್ತು ಪರೀಕ್ಷೆಗೆ ನೋಂದಾಯಿಸುವುದು ಎರಡು ಬೇರೆ ಕೆಲಸ. ಸೇರಲು ದುಡ್ಡಿಲ್ಲ. ಎನ್‌ಪಿಟಿಇಎಲ್ ಪರೀಕ್ಷೆಗೆ ಈಚಿನ ಸೆಮಿಸ್ಟರ್‌ಗಳಲ್ಲಿ ಒಂದು ಕೋರ್ಸಿಗೆ 1000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಅರ್ಧ ರಿಯಾಯಿತಿ ಇದೆ. ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಏರಿಸಬೇಕು. ಆ ಪತ್ರ ಮೊದಲೇ ತೆಗೆದಿಟ್ಟುಕೊಳ್ಳಿ. ಕೊನೆಯ ದಿನ ನಾಡಕಚೇರಿಗೆ ಓಡಿದರೆ ಆಗುವುದಿಲ್ಲ.

ಇದರಲ್ಲಿ ಒಂದು ಅನುಕೂಲ ಇದೆ. ಕೋರ್ಸ್ ಶುರುವಾದಮೇಲೂ ಪರೀಕ್ಷೆ ಶುಲ್ಕ ಕಟ್ಟಲು ಕೆಲವು ವಾರ ಸಮಯ ಇರುತ್ತದೆ. ಅಂದರೆ ಮೊದಲ ಎರಡು-ಮೂರು ವಾರ ಪಾಠ ಕೇಳಿ, ಅಸೈನ್‌ಮೆಂಟ್ ಮಾಡಿ ನೋಡಿ, ಇದು ನನ್ನ ಕೈಲಾಗುತ್ತದೆ ಅನ್ನಿಸಿದಮೇಲೆ ದುಡ್ಡು ಕಟ್ಟಬಹುದು. ಹಾಗೆ ಮಾಡುವವರು ಕಡಿಮೆ. ಮೊದಲ ದಿನವೇ ಕಟ್ಟಿ ಎರಡನೇ ವಾರಕ್ಕೆ ಬಿಡುವವರೇ ಜಾಸ್ತಿ.

ಎನ್‌ಪಿಟಿಇಎಲ್ ಅಲ್ಲದ, ಅಂದರೆ ಯುಜಿಸಿ, ಸಿಇಸಿ, ಇಗ್ನೋ ಕಡೆಯ ಸ್ವಯಂ ಕೋರ್ಸ್‌ಗಳ ಪರೀಕ್ಷೆಯನ್ನು ಎನ್‌ಟಿಎ ನಡೆಸುತ್ತದೆ. ನೀಟ್, ಜೆಇಇ ಮೇನ್ ನಡೆಸುವ ಸಂಸ್ಥೆಯೇ. ಅದರ ಅರ್ಜಿ ಬೇರೆ, ತಾಣ ಬೇರೆ, ಶುಲ್ಕ ಬೇರೆ. ಸ್ವಯಂನಲ್ಲಿ ಕೋರ್ಸ್ ಮಾಡಿದ್ದೇನಲ್ಲ, ಪರೀಕ್ಷೆಗೆ ತಾನಾಗೇ ಹೆಸರು ಹೋಗುತ್ತದೆ ಅಂತ ಕೂತರೆ ಹೋಗುವುದಿಲ್ಲ.

ಖಾತೆ ತೆರೆಯುವಾಗ

ಈ ಕೆಲಸ ಸಣ್ಣದು, ಆದರೆ ಇಲ್ಲಿ ತಪ್ಪಿದರೆ ಕೊನೆಗೆ ಕಾಡುತ್ತದೆ. ಹೆಸರನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ತಂದೆಯ ಹೆಸರು, ಅಡ್ಡಹೆಸರು, ಇನಿಶಿಯಲ್ ಎಲ್ಲ ಸೇರಿ ಒಬ್ಬರಿಗೇ ಮೂರು ತರದ ಹೆಸರು ಇರುವುದು ಮಾಮೂಲು. ಆಧಾರ್‌ನಲ್ಲಿ ಒಂದು, ಕಾಲೇಜಿನಲ್ಲಿ ಇನ್ನೊಂದು. ಪರೀಕ್ಷೆ ದಿನ ಮೂಲ ಗುರುತಿನ ಚೀಟಿ ತೋರಿಸಬೇಕು, ಕ್ರೆಡಿಟ್ ಸೇರಿಸುವಾಗ ಹೆಸರು ಹೊಂದಬೇಕು. ಮೊದಲೇ ಸರಿ ಮಾಡಿಕೊಳ್ಳಿ.

ಇ-ಮೇಲ್ ನಿಮ್ಮದೇ ಇರಲಿ. ಅಣ್ಣನದ್ದು, ಸೈಬರ್ ಸೆಂಟರ್‌ನವರು ಮಾಡಿಕೊಟ್ಟದ್ದು ಬೇಡ. ಕಾಲೇಜು ಕೊಟ್ಟ ಮೇಲ್ ಕೂಡ ಓದು ಮುಗಿದಮೇಲೆ ಬಂದ್ ಆಗಬಹುದು. ಒಂದೇ ಮೇಲ್‌ನಲ್ಲಿ ಕೋರ್ಸ್, ಪರೀಕ್ಷೆ ಎರಡೂ ಇರಬೇಕು. ಒಂದರಲ್ಲಿ ಅಸೈನ್‌ಮೆಂಟ್ ಮಾಡಿ ಇನ್ನೊಂದರಲ್ಲಿ ಪರೀಕ್ಷೆಗೆ ಕಟ್ಟಿದರೆ ಅಂಕ ಕೂಡುವುದು ಹೇಗೆ?

ತಾಣದ ವಿಳಾಸವನ್ನೂ ಒಮ್ಮೆ ನೋಡಿ. ನಮ್ಮ ದೇಶದ ಸರ್ಕಾರಿ ಮತ್ತು ವಿಶ್ವವಿದ್ಯಾಲಯದ ತಾಣಗಳು ಸಾಮಾನ್ಯವಾಗಿ ‘ಜಿಒವಿ ಡಾಟ್ ಇನ್’ ಅಥವಾ ‘ಎಸಿ ಡಾಟ್ ಇನ್’ ಅಂತ ಮುಗಿಯುತ್ತವೆ. ಫೋನ್ ಮಾಡಿ ಒಟಿಪಿ ಕೇಳುವವರು, ಸೀಟು ಕಾಯ್ದಿರಿಸುತ್ತೇವೆ ಅಂತ ಗೂಗಲ್ ಪೇ ಮಾಡಿಸಿಕೊಳ್ಳುವವರು ಯಾರೂ ಸ್ವಯಂನವರಲ್ಲ. ಇಲ್ಲಿ ಸೀಟು ಅನ್ನುವುದೇ ಇಲ್ಲ.

ಕ್ರೆಡಿಟ್ ಬೇಕಾದವರು ಮೊದಲು ಕಾಲೇಜಿನಲ್ಲಿ ಕೇಳಿ

ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನಲ್ಲಿ ಓದುವ ಒಟ್ಟು ಕೋರ್ಸ್‌ಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. 2016ರ ನಿಯಮದಲ್ಲಿ ಇದು ಶೇ. 20 ಇತ್ತು. ಗಮನಿಸಿ, ಕೊಡಬಹುದು ಅಂತ ಇದೆ. ಕೊಡುತ್ತದೋ ಇಲ್ಲವೋ, ಯಾವ ಪೇಪರಿನ ಬದಲಿಗೆ ಯಾವ ಕೋರ್ಸ್ ಅನ್ನುವುದನ್ನು ತೀರ್ಮಾನಿಸುವುದು ನಿಮ್ಮ ವಿಶ್ವವಿದ್ಯಾಲಯ.

ನಮ್ಮ ಜಿಲ್ಲೆಯ ಹೆಚ್ಚಿನ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಟಿಯುಗೆ. ಶಿರಸಿಯ ಅರಣ್ಯ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ. ಮೂರರ ನಿಯಮವೂ ಒಂದೇ ಅಲ್ಲ. ಶಿರಸಿಯ ಗೆಳೆಯನಿಗೆ ಆದದ್ದು ಮಾಜಾಳಿಯ ಹುಡುಗನಿಗೆ ಆಗಲೇಬೇಕು ಅಂತಿಲ್ಲ.

ಹಾಗಾಗಿ ಕೋರ್ಸಿನ ಹೆಸರು, ಕೋಡ್, ವಾರ, ಕ್ರೆಡಿಟ್ ಎಲ್ಲ ಒಂದು ಹಾಳೆಯಲ್ಲಿ ಬರೆದು ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ. ಎನ್‌ಪಿಟಿಇಎಲ್ ಲೆಕ್ಕದಲ್ಲಿ 4 ವಾರಕ್ಕೆ 1 ಕ್ರೆಡಿಟ್, 8ಕ್ಕೆ 2, 12ಕ್ಕೆ 3. ‘ಆಯ್ತಪ್ಪ, ಮಾಡು’ ಅಂತ ಕಾರಿಡಾರಿನಲ್ಲಿ ಹೇಳಿದ್ದನ್ನು ನಂಬಿ ಕೂರಬೇಡಿ. ಅರ್ಜಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅವರು ವರ್ಗವಾಗಿ ಹೋಗಿರಬಹುದು.

ಕೆಲವು ಕಾಲೇಜುಗಳಲ್ಲಿ ಎನ್‌ಪಿಟಿಇಎಲ್‌ನ ‘ಲೋಕಲ್ ಚಾಪ್ಟರ್’, ಅಂದರೆ ಸ್ಥಳೀಯ ಘಟಕ, ಇರುತ್ತದೆ. ಅದಕ್ಕೆ ಒಬ್ಬ ಅಧ್ಯಾಪಕರನ್ನು ನೇಮಿಸಿರುತ್ತಾರೆ. ಅವರನ್ನು ಹುಡುಕಿ ಹಿಡಿಯಿರಿ, ಅರ್ಧ ಕೆಲಸ ಹಗುರ. ಗಳಿಸಿದ ಕ್ರೆಡಿಟ್‌ಗಳನ್ನು ಒಂದೇ ಕಡೆ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಗುರುತಿನ ಸಂಖ್ಯೆಯನ್ನೂ ಡಿಜಿಲಾಕರ್‌ನಲ್ಲಿ ಮಾಡಿಸಿಟ್ಟುಕೊಳ್ಳಿ.

ನೆಟ್ ಇಲ್ಲದ ಕಡೆ

12 ವಾರದ ಕೋರ್ಸ್ ಅಂದರೆ ಸುಮಾರು 30 ಗಂಟೆಯ ವಿಡಿಯೊ. ಜೋಯಿಡಾ ಕಾಡಿನ ಊರುಗಳಲ್ಲಿ, ಸಿದ್ದಾಪುರದ ಒಳಗಿನ ಹಳ್ಳಿಗಳಲ್ಲಿ ಇದನ್ನು ನೇರವಾಗಿ ನೋಡುತ್ತೇನೆ ಅಂತ ಹೊರಟರೆ ಚಕ್ರ ತಿರುಗುವುದನ್ನೇ ನೋಡಬೇಕಾಗುತ್ತದೆ. ಪೇಟೆಗೆ ಬಂದ ದಿನ, ಕಾಲೇಜಿನ ವೈಫೈನಲ್ಲಿ, ಆ ವಾರದ ಪಾಠಗಳನ್ನು ಯೂಟ್ಯೂಬ್ ಆ್ಯಪಿನಲ್ಲಿ ಇಳಿಸಿಕೊಳ್ಳಿ. ಕಡಿಮೆ ಗುಣಮಟ್ಟ ಸಾಕು. ಬೋರ್ಡಿನ ಅಕ್ಷರ ಕಂಡರಾಯಿತು, ಪ್ರೊಫೆಸರ್ ಮುಖ ಸ್ಪಷ್ಟವಾಗಿ ಕಾಣಬೇಕೇನು?

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಆಗಿವೆ. ಹಲವು ಕಡೆ ಕಂಪ್ಯೂಟರ್, ನೆಟ್ ಎರಡೂ ಇವೆ. ನಿಮ್ಮ ಊರಿನದ್ದು ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಕೇಳಿ ನೋಡಿ.

ಟಿವಿ ದಾರಿಯೂ ಒಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ. ‘ಸ್ವಯಂ ಪ್ರಭಾ’ ಅಂತ ಉಪಗ್ರಹದ ಚಾನೆಲ್‌ಗಳು. ದಿನದ 24 ಗಂಟೆ ಪಾಠ ಬರುತ್ತದೆ. ದಿನಕ್ಕೆ 4 ಗಂಟೆಯ ಹೊಸ ಪಾಠ ಹಾಕಿ ಅದನ್ನೇ ಮತ್ತೆ 5 ಸಲ ತೋರಿಸುತ್ತಾರೆ. ಬೆಳಿಗ್ಗೆ ಕರೆಂಟ್ ಇರಲಿಲ್ಲ ಅಂದರೆ ರಾತ್ರಿ ನೋಡಬಹುದು. ಫ್ರೀ ಡಿಶ್ ಇದ್ದ ಮನೆಯಲ್ಲಿ ಚಾನೆಲ್ ಹುಡುಕಿ ನೋಡಿ. ಇದರಿಂದ ಸರ್ಟಿಫಿಕೇಟ್ ಸಿಗುವುದಿಲ್ಲ, ಪಾಠ ಮಾತ್ರ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ

ಕೋರ್ಸ್‌ಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ದಾರಿಗಳಿವೆ. ಎನ್‌ಪಿಟಿಇಎಲ್ ತನ್ನ ಹಲವು ಕೋರ್ಸ್‌ಗಳ ಪಾಠವನ್ನು ಬರಹಕ್ಕಿಳಿಸಿ ಭಾರತೀಯ ಭಾಷೆಗಳಿಗೆ ಅನುವಾದ ಮಾಡಿಸಿದೆ. ಕನ್ನಡವೂ ಇದೆ. ಅವರ ತಾಣದಲ್ಲಿ ಕೋರ್ಸಿನ ಪುಟಕ್ಕೆ ಹೋಗಿ ಡೌನ್‌ಲೋಡ್ ಜಾಗದಲ್ಲಿ ಭಾಷೆ ಆರಿಸಿ. ಎಲ್ಲ ಕೋರ್ಸಿಗೂ ಸಿಗುವುದಿಲ್ಲ, ಸೇರುವ ಮೊದಲೇ ನೋಡಿ. ಅನುವಾದದ ಭಾಷೆ ಅಲ್ಲಲ್ಲಿ ಬಿಗಿ. ಆದರೂ ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷ್ ವಿಡಿಯೊ ನೋಡಿದರೆ ಅದೇ ಪಾಠ ಅರ್ಧಕ್ಕರ್ಧ ಸಲೀಸಾಗುತ್ತದೆ. ವೇಗವನ್ನು ಮುಕ್ಕಾಲಿಗೆ ಇಳಿಸಿಕೊಳ್ಳಿ. ಯಾರೂ ನೋಡುತ್ತಿಲ್ಲ, ನಾಚಿಕೆ ಯಾಕೆ?

ಕಂಪ್ಯೂಟರ್ ಕಲಿಯಬೇಕು ಅನ್ನುವವರಿಗೆ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ನೋಡಿ ಅಂತಲೇ ನನ್ನ ಸಲಹೆ. 10 ನಿಮಿಷ ಆಸುಪಾಸಿನ ಸಣ್ಣ ಪಾಠಗಳು. ಲಿಬ್ರೆ ಆಫೀಸ್, ಸಿ, ಜಾವಾದಂಥ ವಿಷಯಗಳು. ಹಲವಕ್ಕೆ ಕನ್ನಡ ಧ್ವನಿ ಇದೆ. ಪರದೆಯ ಒಂದು ಕಡೆ ಪಾಠ, ಇನ್ನೊಂದು ಕಡೆ ಸಾಫ್ಟ್‌ವೇರ್ ಇಟ್ಟುಕೊಂಡು, ನೋಡುತ್ತಾ ಮಾಡುತ್ತಾ ಹೋಗುವ ಹಾಗೆ ತಯಾರಿಸಿದ್ದಾರೆ. ಇಳಿಸಿಕೊಂಡು ನೆಟ್ ಇಲ್ಲದೆಯೂ ನೋಡಬಹುದು. ಹೆಸರಾಂತ ವಿದೇಶಿ ಕೋರ್ಸಿಗೆ ಕೈ ಹಾಕುವ ಮೊದಲು ಇದರಲ್ಲಿ ಎರಡು ವಾರ ಕೈ ಪಳಗಿಸಿಕೊಂಡರೆ ಭಯ ಹೋಗುತ್ತದೆ.

ವಾರದ ಕೆಲಸ ಮತ್ತು ಅಂಕದ ಲೆಕ್ಕ

ಎನ್‌ಪಿಟಿಇಎಲ್‌ನಲ್ಲಿ ವಾರಕ್ಕೆ ಎರಡೂವರೆ ಗಂಟೆಯಷ್ಟು ವಿಡಿಯೊ, ಒಂದು ಅಸೈನ್‌ಮೆಂಟ್. ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ. ನೀವು ಅದನ್ನು ಹಿಂದಿನ ಭಾನುವಾರ ಅಂತಲೇ ತಿಳಿದುಕೊಳ್ಳಿ. ಬುಧವಾರ ರಾತ್ರಿ 11ಕ್ಕೆ ಕರೆಂಟ್ ಹೋದರೆ ಯಾರನ್ನು ಕೇಳುವುದು? ಗಡುವಿನೊಳಗೆ ಎಷ್ಟು ಸಲ ಬೇಕಾದರೂ ಸಲ್ಲಿಸಬಹುದು, ಕೊನೆಯ ಸಲದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಭಾನುವಾರ ಒಮ್ಮೆ ಹಾಕಿಬಿಡಿ. ಆಮೇಲೆ ಅನುಮಾನ ಬಂದರೆ ತಿದ್ದಿ.

ಅಂಕ ಹೀಗೆ. 100ರಲ್ಲಿ 25 ಅಸೈನ್‌ಮೆಂಟಿಗೆ, 75 ಪರೀಕ್ಷೆಗೆ. 12 ವಾರದ ಕೋರ್ಸಿನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. 8 ವಾರದ್ದರಲ್ಲಿ 6, 4 ವಾರದ್ದರಲ್ಲಿ 3. ಜಾತ್ರೆ ವಾರ ಬಿಟ್ಟರೂ ಅಡ್ಡಿಯಿಲ್ಲ ಅಂದದ್ದು ಇದಕ್ಕೇ. ಆದರೆ ಸುಗ್ಗಿ, ಜಾತ್ರೆ, ಮದುವೆ, ಜ್ವರ ಎಲ್ಲ ಸೇರಿ ಆ ನಾಲ್ಕು ವಾರ ಬೇಗ ಖರ್ಚಾಗುತ್ತದೆ. ಮೊದಲ ತಿಂಗಳಲ್ಲಿ ಒಂದನ್ನೂ ಬಿಡಬೇಡಿ.

ಪಾಸಾಗಲು ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30. ಎರಡೂ ಬೇಕು. ಅಸೈನ್‌ಮೆಂಟಿನಲ್ಲಿ ಸರಾಸರಿ ಶೇ. 80 ಬಂದರೆ 20 ಅಂಕ ಕೈಯಲ್ಲಿ. ಪರೀಕ್ಷೆಯಲ್ಲಿ 100ಕ್ಕೆ 50 ತೆಗೆದರೆ ಅದು 37.5. ಒಟ್ಟು 57.5. ಪಾಸಾದಿರಿ, ಆದರೆ 60 ಮುಟ್ಟಿದರೆ ಸಿಗುವ ‘ಎಲೀಟ್’ ಅನ್ನುವ ಮಾತು ಸರ್ಟಿಫಿಕೇಟಿನಲ್ಲಿ ಇರುವುದಿಲ್ಲ. 75ಕ್ಕೆ ಬೆಳ್ಳಿ, 90ಕ್ಕೆ ಚಿನ್ನ. ಅಸೈನ್‌ಮೆಂಟ್ ಉತ್ತರಗಳು ಟೆಲಿಗ್ರಾಮ್ ಗುಂಪುಗಳಲ್ಲಿ ಓಡಾಡುತ್ತವೆ, ಗೊತ್ತು. ಅದನ್ನು ನಕಲು ಮಾಡಿದವರು 25ಕ್ಕೆ 24 ಇಟ್ಟುಕೊಂಡು ಪರೀಕ್ಷೆಯಲ್ಲಿ 30 ಮುಟ್ಟದೆ ಸಾವಿರ ರೂಪಾಯಿಯೂ ಬಸ್ ಖರ್ಚೂ ಕಳೆದುಕೊಳ್ಳುತ್ತಾರೆ.

ಎನ್‌ಟಿಎ ನಡೆಸುವ ಕೋರ್ಸ್‌ಗಳಲ್ಲಿ 30 ಅಂಕ ಒಳಗಿನ ಅಸೈನ್‌ಮೆಂಟಿಗೆ, 70 ಪರೀಕ್ಷೆಗೆ. ಎರಡರಲ್ಲೂ ಬೇರೆಬೇರೆಯಾಗಿ ಶೇ. 40 ಬೇಕು.

ಒಂದು ಸೆಮಿಸ್ಟರ್‌ಗೆ ಒಂದೇ ಕೋರ್ಸ್ ಸಾಕು. ಅಮೆರಿಕದ ಎಂಐಟಿ 2012ರಲ್ಲಿ ಮೊದಲ ಸಲ ಎಲೆಕ್ಟ್ರಾನಿಕ್ಸ್ ಕೋರ್ಸನ್ನು ಜಗತ್ತಿಗೆಲ್ಲ ತೆರೆದಾಗ ಸುಮಾರು 1,55,000 ಜನ ಸೇರಿದರು. ಕೊನೆಗೆ ಸರ್ಟಿಫಿಕೇಟ್ ಪಡೆದವರು 7,000 ಚಿಲ್ಲರೆ. ಐದು ಕೋರ್ಸಿಗೆ ಸೇರಿ ಐದನ್ನೂ ಎರಡನೇ ವಾರ ಬಿಡುವವರು ಎಲ್ಲ ದೇಶದಲ್ಲೂ ಇದ್ದಾರೆ.

ಹೊರದೇಶದ ವಿಶ್ವವಿದ್ಯಾಲಯಗಳು

ಇಲ್ಲಿ ಬಸ್ ಹತ್ತುವ ಮಾತಿಲ್ಲ. ಎಲ್ಲ ಮನೆಯಿಂದಲೇ.

ಹಾರ್ವರ್ಡ್‌ನ ‘ಸಿಎಸ್50’ ಕಂಪ್ಯೂಟರ್ ವಿಜ್ಞಾನದ ಆರಂಭದ ಕೋರ್ಸ್. ಇದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ, ಯಾಕೆಂದರೆ ಇಲ್ಲಿ ಸರ್ಟಿಫಿಕೇಟ್ ಕೂಡ ಉಚಿತ. ಎಡ್‌ಎಕ್ಸ್ ಅನ್ನುವ ಕೋರ್ಸ್ ತಾಣದ ಮೂಲಕ ಪಡೆಯುವುದಕ್ಕೆ ದುಡ್ಡು, ಕೋರ್ಸಿನವರದೇ ತಾಣದಿಂದ ಪಡೆದರೆ ಇಲ್ಲ. ‘ಸ್ಕ್ರ್ಯಾಚ್’ ಅನ್ನುವ ಸುಲಭದ ಪ್ರೋಗ್ರಾಂ ಭಾಷೆಯಿಂದ ಶುರುವಾಗಿ ಸಿ, ಪೈಥಾನ್, ಎಸ್‌ಕ್ಯೂಎಲ್‌ವರೆಗೆ ಹೋಗುತ್ತದೆ. ಪ್ರತಿ ವಾರದ ಲೆಕ್ಕದಲ್ಲೂ, ಕೊನೆಯ ಪ್ರಾಜೆಕ್ಟಿನಲ್ಲೂ ಶೇ. 70 ಬರಬೇಕು. ಗಡುವು ವರ್ಷದ ಕೊನೆ. ಪ್ರೋಗ್ರಾಂ ಬರೆಯುವುದು ಬ್ರೌಸರಿನಲ್ಲೇ ಆದ್ದರಿಂದ ದುಬಾರಿ ಲ್ಯಾಪ್‌ಟಾಪ್ ಬೇಡ. ಆದರೆ ಆ ಹೊತ್ತು ನೆಟ್ ಇರಲೇಬೇಕು. ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂರನೇ, ನಾಲ್ಕನೇ ವಾರದಲ್ಲಿ ತಲೆ ಬಿಸಿಯಾಗುತ್ತದೆ.

ಎಂಐಟಿಯ ‘ಓಪನ್‌ಕೋರ್ಸ್‌ವೇರ್’ 2001ರಲ್ಲಿ ಘೋಷಣೆಯಾದ ಯೋಜನೆ. 2,500ಕ್ಕೂ ಹೆಚ್ಚು ಕೋರ್ಸಿನ ಟಿಪ್ಪಣಿ, ಪ್ರಶ್ನೆಪತ್ರಿಕೆ, ವಿಡಿಯೊ ಇವೆ. ಹೆಸರು ನೋಂದಾಯಿಸುವುದೂ ಬೇಡ. ಸರ್ಟಿಫಿಕೇಟ್ ಇಲ್ಲವೇ ಇಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ‘ಓಪನ್‌ಲರ್ನ್’ ನಿಮ್ಮ ಪುರಸೊತ್ತಿಗೆ ಮಾಡುವಂಥದ್ದು. ಕೆಲವು ಗಂಟೆಗಳ ಸಣ್ಣ ಕೋರ್ಸ್‌ಗಳು, ಮುಗಿಸಿದರೆ ಭಾಗವಹಿಸಿದ ಪತ್ರ ಉಚಿತ. ದೋಣಿ ಹುಡುಗರಿಗೆ, ಮಧ್ಯಾಹ್ನ ಎರಡು ಗಂಟೆ ಬಿಡುವು ಸಿಗುವ ಮನೆಯ ಹೆಂಗಸರಿಗೆ ಇದು ಹೊಂದುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ‘ಎಲಿಮೆಂಟ್ಸ್ ಆಫ್ ಎಐ’ 2018ರಿಂದ ಇದೆ. ಕೃತಕ ಬುದ್ಧಿಮತ್ತೆ ಅಂದರೆ ಏನು ಅಂತ ಪ್ರೋಗ್ರಾಮಿಂಗ್ ಬಾರದವರಿಗೂ ತಿಳಿಸುತ್ತದೆ. ಅದರ ಸರ್ಟಿಫಿಕೇಟ್ ಕೂಡ ಉಚಿತ.

ಹಲವು ವಿಶ್ವವಿದ್ಯಾಲಯಗಳ ಕೋರ್ಸ್‌ಗಳನ್ನು ಕೊಡುವ ಕೋರ್ಸೆರಾ, ಎಡ್‌ಎಕ್ಸ್ ತಾಣಗಳ ಕಡೆ ಎಚ್ಚರ ಬೇಕು. ಮೊದಲು ಪೂರ್ತಿ ಪಾಠ ಬಿಟ್ಟಿ ನೋಡಲು ಬಿಡುತ್ತಿದ್ದರು. ಈಗ ಕೋರ್ಸೆರಾದ ಹಲವು ಕೋರ್ಸ್‌ಗಳಲ್ಲಿ ಮೊದಲ ಭಾಗ ಮಾತ್ರ ಬಿಟ್ಟಿ. ಎಡ್‌ಎಕ್ಸ್‌ನಲ್ಲಿ ಕೆಲವು ವಾರ ಕಳೆದ ಮೇಲೆ ಬಾಗಿಲು ಮುಚ್ಚುತ್ತದೆ. 7 ದಿನ ಉಚಿತ ಅಂತ ಕಾರ್ಡ್ ನಂಬರ್ ಕೇಳಿದರೆ, ಎಂಟನೇ ದಿನ ದುಡ್ಡು ಕಟ್ ಆಗುತ್ತದೆ ಅಂತಲೇ ಅರ್ಥ. ಕೊಡದೇ ಇರುವುದು ಕ್ಷೇಮ. ಕೊಟ್ಟರೆ ಆರನೇ ದಿನಕ್ಕೆ ಫೋನಿನಲ್ಲಿ ಅಲಾರಂ ಇಟ್ಟು ರದ್ದು ಮಾಡಿ. ಕೋರ್ಸೆರಾದಲ್ಲಿ ಆರ್ಥಿಕ ನೆರವಿಗೆ ಅರ್ಜಿ ಹಾಕುವ ಅವಕಾಶವೂ ಇದೆ. ನಿಮ್ಮ ಆದಾಯ, ಕೋರ್ಸ್ ಯಾಕೆ ಬೇಕು ಅನ್ನುವುದನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬೇಕು. ಉತ್ತರ ಬರಲು ಎರಡು ವಾರದಷ್ಟು ಹಿಡಿಯುತ್ತದೆ.

ಪರೀಕ್ಷೆ ದಿನ, ಆಮೇಲೆ

ಹಾಲ್‌ಟಿಕೆಟ್ ಬಂದ ಕೂಡಲೇ ಎರಡು ಪ್ರತಿ ತೆಗೆಯಿರಿ. ಕೇಂದ್ರದ ವಿಳಾಸ ನೋಡಿ. ಹುಬ್ಬಳ್ಳಿ ಅಂತ ಆರಿಸಿದರೂ ಕೇಂದ್ರ ಊರಾಚೆ ಇರಬಹುದು, ಬಸ್ ನಿಲ್ದಾಣದಿಂದ ಆಟೊ ಬೇಕಾಗಬಹುದು. ಗುರುತಿನ ಚೀಟಿ ಮೂಲಪ್ರತಿಯೇ ಬೇಕು, ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ. ಒಂದು ಗಂಟೆ ಮುಂಚೆ ಅಲ್ಲಿರಿ. ಅಕ್ಟೋಬರ್ ಪರೀಕ್ಷೆಗೆ ಹೋಗುವವರು ಘಟ್ಟದ ರಸ್ತೆ ತೆರೆದಿದೆಯಾ ಅಂತ ಹಿಂದಿನ ಸಂಜೆ ವಿಚಾರಿಸಿ.

ಎನ್‌ಪಿಟಿಇಎಲ್ ಸರ್ಟಿಫಿಕೇಟ್ ಕಾಗದದಲ್ಲಿ ಅಂಚೆಗೆ ಬರುವುದಿಲ್ಲ. ತಾಣದಿಂದ ಇಳಿಸಿಕೊಳ್ಳಬೇಕು. ಅದು ಅಸಲಿಯಾ ಅಂತ ಯಾರು ಬೇಕಾದರೂ ಕ್ಯೂಆರ್ ಕೋಡ್ ಮೂಲಕ ನೋಡಬಹುದು. ಇಳಿಸಿದ ಫೈಲನ್ನು ಫೋನಿನಲ್ಲಿ ಮಾತ್ರ ಇಡಬೇಡಿ, ಮೇಲ್‌ಗೂ ಕಳಿಸಿಕೊಳ್ಳಿ. ಕ್ರೆಡಿಟ್ ಬೇಕಾದವರು ಅದರ ಪ್ರತಿಯನ್ನು ಆ ಸಹಿ ಹಾಕಿಸಿದ ಅರ್ಜಿಯ ಜೊತೆ ಕಾಲೇಜಿನ ಕಚೇರಿಗೆ ಕೊಟ್ಟು, ಸ್ವೀಕರಿಸಿದ್ದಕ್ಕೆ ದಿನಾಂಕ ಹಾಕಿ ಸೀಲು ಒತ್ತಿಸಿಕೊಳ್ಳಿ. ಸೆಮಿಸ್ಟರ್ ಫಲಿತಾಂಶಕ್ಕೆ ಅಂಕ ಕಳಿಸುವ ಗಡುವು ಯಾವತ್ತು ಅಂತ ಅಲ್ಲೇ ಕೇಳಿಕೊಂಡು ಬನ್ನಿ. ಎನ್‌ಪಿಟಿಇಎಲ್ ಫಲಿತಾಂಶ ಅದಕ್ಕಿಂತ ತಡವಾಗುವ ಲಕ್ಷಣ ಕಂಡರೆ ಪರೀಕ್ಷಾ ವಿಭಾಗಕ್ಕೆ ಆಗಲೇ ಒಂದು ಪತ್ರ ಬರೆದುಕೊಡಿ.